ಬಡವರ ಅಡುಗೆಮನೆಗೆ ಅಟ್ಟ ಬೇಡವಾ?



ಇವತ್ತು ಒಳಮೀಸಲಾತಿ ಬಗ್ಗೆ ಬರೆಯುವುದಿಲ್ಲ. ಡಬ್ಬಿಗಳ ಬಗ್ಗೆ ಬರೆಯುತ್ತೇನೆ. ನಗಬೇಡಿ ಮಾರಾಯ್ರೆ, ಪೂರ್ತಿ ಓದಿ.

ಮಂಗಳೂರಿನ ನಮ್ಮ ಕಾಲೊನಿ ಮನೆಯ ಅಡುಗೆಕೋಣೆ ಐದು ಅಡಿ ಅಗಲ, ಏಳು ಅಡಿ ಉದ್ದ. ಇದು ಮೇಸ್ತ್ರಿ ಮಾಡಿದ ಲೆಕ್ಕ ಅಂತ ನೀವು ಹೇಳಬಹುದು. ಅಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೇ ಉಂಟು: ಸಾಮಾನ್ಯ ಮನೆಯ ಅಡುಗೆಕೋಣೆ ಕನಿಷ್ಠ 5 ಚದರ ಮೀಟರ್ ಇರಬೇಕು. ಕಡಿಮೆ ಆದಾಯದವರ ಎರಡು ಕೋಣೆಯ ಮನೆಗೆ 3.3 ಸಾಕು. ಒಂದೇ ಕೋಣೆಯಾದರೆ ಅಡುಗೆ ಮೂಲೆಗೆ 2.4.

ಯಾಕೆ ಸಾಕು? ಬಡವರ ಹತ್ತಿರ ಇಡಲಿಕ್ಕೆ ಎಂತ ಉಂಟು ಅಂತಲಾ? ವಾಸ್ತವ ಉಲ್ಟಾ. ಫ್ಲಾಟ್‌ನವರಿಗೆ ಬೇಕಾದದ್ದು ಫೋನ್ ಒತ್ತಿದರೆ ಬಾಗಿಲಿಗೆ ಬರುತ್ತದೆ. ನಮಗೆ ರೇಷನ್ ತಿಂಗಳಿಗೊಮ್ಮೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ 5 ಕೆ.ಜಿ. ಅಂದರೂ ಐದು ಜನರ ಮನೆಗೆ ಒಂದೇ ದಿನ 25 ಕೆ.ಜಿ. ಬಂದು ಕೂರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಬೋಟು ಕಡಲಿಗಿಳಿಯುವುದಿಲ್ಲ, ಹಾಗಾಗಿ ಒಣಮೀನು ಬೇಕು. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಬೇಕು. ಮಳೆಗೆ ಕೂಲಿ ನಿಂತರೆ ಮನೆಯಲ್ಲಿ ಇದ್ದದ್ದೇ ಊಟ.

ಈಗ ಹಾಲ್‌ಗಳಲ್ಲಿ ‘ಆಟಿಡೊಂಜಿ ದಿನ’ ಅಂತ ಪತ್ರೊಡೆ ಬಡಿಸಿ ಫೋಟೊ ಹಾಕುತ್ತಾರೆ. ನಮ್ಮ ಅಜ್ಜಿಗೆ ಆಟಿ ಅಂದರೆ ಹಸಿವಿನ ತಿಂಗಳು. ಅಜ್ಜ ಧಣಿಯ ಮನೆಗೆ ಬೈಹುಲ್ಲಿನ ಹಗ್ಗ ಹೊಸೆದು ಅಕ್ಕಿ ಮುಡಿ ಕಟ್ಟುತ್ತಿದ್ದವರು. ಮುಡಿ ಕಟ್ಟುವ ಕೈ ಇದ್ದದ್ದು ನಮ್ಮದು, ಅಟ್ಟ ಮಾತ್ರ ಧಣಿಯದ್ದು. “ಮನೆಯಲ್ಲಿ ಅಕ್ಕಿ ಉಂಟಾದರೆ ಯಾರ ಅಂಗಳದಲ್ಲಿಯೂ ನಿಲ್ಲಬೇಕಂತ ಇಲ್ಲ ಮಗಾ” ಅಂತ ಅಮ್ಮ ಈಗಲೂ ಹೇಳುತ್ತಾರೆ.

ಧನಂಜಯ ಕೀರ್ ಬರೆದ ಬಾಬಾಸಾಹೇಬರ ಜೀವನಚರಿತ್ರೆ ಓದಿದವರಿಗೆ ಪರೇಲ್‌ನ ಆ ಒಂಟಿ ಕೋಣೆ ನೆನಪಿರಬಹುದು. ಅಡುಗೆ, ಓದು, ನಿದ್ದೆ ಎಲ್ಲ ಅದರಲ್ಲೇ, ತಲೆಯ ಮೇಲೆ ಹಲಗೆ ತುಂಬ ಸೌದೆ. ಆ ಹಲಗೆ ಹೊಡೆಸಿದವರು ಯಾರೋ, ನಮ್ಮ ಅಮ್ಮನ ಹಾಗೆಯೇ ಯೋಚಿಸಿದ್ದಾರೆ.

ಅಮ್ಮನ ಲೆಕ್ಕ ಕೇಳಿ. ಹೋಟೆಲ್‌ನಿಂದ ತಂದ ಎಣ್ಣೆಯ ಚೌಕ ಟಿನ್ನಿನಲ್ಲಿ ಸುಮಾರು 12 ಕೆ.ಜಿ. ಅಕ್ಕಿ ಹಿಡಿಯುತ್ತದೆ. ಎರಡು ಟಿನ್ನಿಗೆ ರೇಷನ್ ಹೆಚ್ಚುಕಡಿಮೆ ಮುಗಿಯಿತು. ಗುಂಡು ಡಬ್ಬಿ ಅವರಿಗೆ ಆಗುವುದಿಲ್ಲ. ಸರಿಯೇ, ಚೌಕದೊಳಗೆ ವೃತ್ತ ಕೂರಿಸಿದರೆ ನೂರಕ್ಕೆ 21 ಪಾಲು ಜಾಗ ದಂಡ. ಇದನ್ನು ನಾನು ಶಾಲೆಯಲ್ಲಿ ಕಲಿತೆ, ಅವರು ಶಾಲೆಗೆ ಹೋಗದೆ ಕಲಿತರು. ದಿನಾ ಬೇಕಾದದ್ದು ಸೊಂಟಕ್ಕೂ ಕಣ್ಣಿಗೂ ನಡುವೆ. ಮೆಟ್ಟುಕತ್ತಿ, ಇಡ್ಲಿ ಪಾತ್ರೆ ಮೇಲೆ. ಬಾಗಿಲ ಹಿಂದೆ ಮೊಳೆ ಹೊಡೆದು ಸೌಟು, ಜರಡಿ. ಟಿನ್ನು ನೆಲಕ್ಕೆ ತಾಗಬಾರದು, ಕೆಳಗೆ ಎರಡು ಇಟ್ಟಿಗೆ, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ತುಕ್ಕು. ಭಾರದ್ದು ಯಾವತ್ತೂ ಅಟ್ಟಕ್ಕಿಲ್ಲ.

ಒಣಮೀನಿಗೆ ಬಿಗಿ ಮುಚ್ಚಳದ ಡ್ರಮ್ಮು. ಅದೂ ಬೇರೆ ಕತೆ. ತಂಗಿ ಬಾಡಿಗೆಗೆ ಮನೆ ನೋಡಲು ಹೋದಾಗ ಯಜಮಾನರು ಜಾತಿ ಕೇಳಲಿಲ್ಲ, “ಅಡುಗೆಮನೆಯಲ್ಲಿ ಎಂತೆಲ್ಲ ಇಡುತ್ತೀರಿ?” ಅಂತ ಕೇಳಿದರು. ಎರಡೂ ಒಂದೇ ಪ್ರಶ್ನೆ. ಮನೆ ಸಿಗಲಿಲ್ಲ.

ವಸತಿ ಯೋಜನೆಯ ಪಟ್ಟಿಯಲ್ಲಿ ಹೆಸರಿರುವವರಿಗೆ ಒಂದು ಮಾತು. ಗೋಡೆ ಏಳುವಾಗಲೇ ಕೇಳಿ: ಬಾಗಿಲ ಎತ್ತರದಲ್ಲಿ ಎರಡಡಿ ಅಗಲದ ಕಾಂಕ್ರೀಟ್ ಅಟ್ಟ, ಒಲೆಯ ಕಲ್ಲಿನ ಕೆಳಗೆ ಸಿಲಿಂಡರಿನ ಜಾಗ ಬಿಟ್ಟು ಉಳಿದದ್ದಕ್ಕೆ ಕಡಪ ಕಲ್ಲಿನ ಎರಡು ಹಲಗೆ. ಲಿಂಟಲ್ ಹಾಕುವಾಗ ಅಟ್ಟಕ್ಕೂ ಕಬ್ಬಿಣ ಬಿಟ್ಟರೆ ಖರ್ಚು ಕಡಿಮೆ, ಆಮೇಲೆ ಗೋಡೆ ಒಡೆದು ಕೂರಿಸಲು ದುಪ್ಪಟ್ಟು ಕೆಲಸ. “ಪ್ಲಾನ್‌ನಲ್ಲಿ ಇಲ್ಲ” ಅಂದರೆ ಬರೆದು ಕೊಡಲು ಹೇಳಿ. ಅರ್ಜಿ ನಾನು ಬರೆದುಕೊಡುತ್ತೇನೆ, ಇನ್‌ಬಾಕ್ಸ್‌ಗೆ ಬನ್ನಿ.