ಅಟ್ಟದ ಮೇಲಿನ ರೌಟರು

ನಮ್ಮ ಮೂವರು ಮಕ್ಕಳಲ್ಲಿ ಹಿರಿಯವನು ನಮ್ಮೊಂದಿಗೆ ಅಹಮದಾಬಾದಿನಲ್ಲಿ, ಮಗಳು ವಡೋದರದಲ್ಲಿ, ಕಿರಿಯವನು ಸೂರತ್ತಿನಲ್ಲಿ. ಮನೆಗೊಂದು ಮೊಮ್ಮಗು. ವಾರಕ್ಕೆರಡು ಸಂಜೆ ಈ ಮೂವರೂ ತಂತಮ್ಮ ಟೀವಿಯ ಮುಂದೆ ಕುಳಿತು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ‘ರಾಕೆಟ್ ಲೀಗ್’ ಎಂಬ ಆಟ ಆಡುತ್ತಾರೆ. ಮೋಟಾರು ಕಾರುಗಳು ಫುಟ್‌ಬಾಲ್ ಆಡುವುದಂತೆ! ತಂಡಕ್ಕೆ ಮೂರು ಕಾರು. ಕಾರಿಗೂ ಚೆಂಡಿಗೂ ಏನು ನಂಟೆಂದು ನಾವು ಕೇಳಹೋಗಲಿಲ್ಲ; ನಮಗೆ ಬೇಕಾದದ್ದು ಅವರ ಮಾತು. ಸೂರತ್ತಿನ ಸೊಸೆ ಗುಜರಾತಿನವಳು, ಬಲು ಒಳ್ಳೆಯವಳು. ಆದರೆ ಆ ಮನೆಯ ವ್ಯವಹಾರವೆಲ್ಲ ಗುಜರಾತಿಯಲ್ಲೇ. ಅಲ್ಲಿನ ಹುಡುಗನ ಕಿವಿಗೆ ಕನ್ನಡ ಬೀಳುವುದು ಈ ಆಟದಲ್ಲಿ ಮಾತ್ರ. “ಬಿಡೋ, ನಾನ್ ಹೊಡೀತೀನಿ”, “ಹಿಂದೆ ನೋಡೋ ಕತ್ತೆ” – ಪಾಠವೆಂದರೆ ಇಂಥದು.

2023ರ ಬೇಸಿಗೆಯಲ್ಲಿ ಅದಕ್ಕೂ ಕುತ್ತು ಬಂತು. ನಮ್ಮ ಮನೆಯ ಪ್ಲೇಸ್ಟೇಷನ್ ಆಟದ ನಡುವೆ ಕಲ್ಲಿನಂತೆ ನಿಂತುಬಿಡುವುದು, ಮೊಮ್ಮಗಳ ಮಾತು ತುಂಡುತುಂಡಾಗಿ ಕೇಳುವುದು, ತಂಡ ಸೋಲುವುದು, ವಡೋದರದವನು ಸಿಡುಕಿ ಎದ್ದುಹೋಗುವುದು. ಕೊನೆಗೆ ಎರಡು ವಾರ ಆಟವೇ ಇಲ್ಲ.

1975–76ರಲ್ಲಿ ಇದೇ ಅಹಮದಾಬಾದಿನಿಂದ ‘ಸೈಟ್’ ಪ್ರಯೋಗದ ಕಾರ್ಯಕ್ರಮಗಳು ಅಮೆರಿಕದ ಉಪಗ್ರಹಕ್ಕೇರಿ, ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕೋಳಿಗೂಡಿನ ಜಾಲರಿಯಂಥ ಅಂಟೆನಾದೊಳಗೆ ಇಳಿದು ಕನ್ನಡ ನುಡಿದಿದ್ದವು. ನಮ್ಮ ಮನೆಯಲ್ಲಿ ಹಜಾರದಿಂದ ಒಳಕೋಣೆಗೇ ಮಾತು ದಾಟುತ್ತಿಲ್ಲವಲ್ಲ!

ವಿಚಾರಿಸಿದಾಗ ಕಾರಣ ತಿಳಿಯಿತು. ನಮ್ಮದು 2013ರ ಮೊದಲ ಮಾದರಿಯ ಪ್ಲೇಸ್ಟೇಷನ್ 4. ಅದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಬಿಟ್ಟು ಬೇರೆ ಗೊತ್ತಿಲ್ಲ. ಆ ದಾರಿಯಲ್ಲಿ ಒಂದಕ್ಕೊಂದು ತಗಲದಂಥ ಚಾನೆಲ್ಲುಗಳು ಮೂರೇ – 1, 6, 11. ನಮ್ಮ ಕಟ್ಟಡದಲ್ಲೋ ಮನೆಗೊಂದು ವೈಫೈ. ಸಾಲದೆಂಬಂತೆ ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಅಲೆಯಲ್ಲಿ ಗದ್ದಲವೆಬ್ಬಿಸುತ್ತದೆ. ಹಜಾರದಿಂದ ತಂತಿ ಎಳೆದರೆ ತೀರಿತು. ಆದರೆ ಆಗಷ್ಟೇ ಬಣ್ಣ ಹೊಡೆಸಿದ ಗೋಡೆಗೆ ತೂತು ಕೊರೆಯಲು ಮಗ ಒಪ್ಪಲಿಲ್ಲ.

ಆಗ ನೆನಪಾದದ್ದು ಅಟ್ಟದ ಮೇಲೆ ದೀಪಾವಳಿಯ ಸರದೀಪಗಳೊಡನೆ ಸಿಕ್ಕುಬಿದ್ದಿದ್ದ ಹಳೆಯ ರೌಟರು. ಅದು 5 ಗಿಗಾಹರ್ಟ್ಸನ್ನೂ ಬಲ್ಲದು. ಆ ಅಲೆ ಗೋಡೆ ದಾಟುವುದರಲ್ಲಿ ದುರ್ಬಲ ನಿಜ, ಆದರೆ ನಮ್ಮಲ್ಲಿ ಅಡ್ಡವಿದ್ದದ್ದು ಒಂದೇ ಗೋಡೆ. ಈ ರೌಟರು ಟೀವಿಯ ಪಕ್ಕದಲ್ಲಿ ಕುಳಿತು ಹಜಾರದ ವೈಫೈ ಹಿಡಿದು, ಮೊಳದುದ್ದದ ತಂತಿಯಲ್ಲಿ ಪ್ಲೇಸ್ಟೇಷನ್ನಿಗೆ ಕೊಟ್ಟರೆ ಆಯಿತು. ಇದಕ್ಕೆ ‘ಬ್ರಿಡ್ಜ್’ ಎಂದು ಹೆಸರು.

ಮಗ ಪ್ರವಾಸದಲ್ಲಿದ್ದ. ಅಜ್ಜ ಅಜ್ಜಿ ನಾವಿಬ್ಬರೇ ಕುಳಿತೆವು. ಮೊಮ್ಮಗಳು ಲ್ಯಾಪ್‌ಟಾಪ್ ಹಿಡಿದಳು. ಹಿಂಬದಿಯ ಸಣ್ಣ ತೂತಿಗೆ ಸೀರೆಪಿನ್ನು ಚುಚ್ಚಿ, ದೀಪಗಳೆಲ್ಲ ಮಿನುಗುವವರೆಗೆ ಒತ್ತಿ ಹಿಡಿದು ಹಳೆಯ ನೆನಪನ್ನೆಲ್ಲ ಅಳಿಸಿದೆವು. ಬ್ರಿಡ್ಜ್ ಆರಿಸಿ, ಮನೆಯ ವೈಫೈ ಹೆಸರು, ಗುಪ್ತಪದ ತುಂಬಿದೆವು. ಮರುಕ್ಷಣ ಮನೆಯ ಇಂಟರ್ನೆಟ್ಟೆಲ್ಲ ಸ್ತಬ್ಧ! ಪಕ್ಕದ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದ ಹಿರಿಯ ಸೊಸೆ ಬಾಗಿಲು ತೆರೆದು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ತಪ್ಪು ನಮ್ಮದೇ. ಎರಡು ರೌಟರುಗಳ ವಿಳಾಸವೂ 192.168.1.1. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರಿದ್ದರೆ ಅಂಚೆಯವನು ಏನು ಮಾಡಿಯಾನು? ಸಾಲದ್ದಕ್ಕೆ, ಮನೆಯ ಯಂತ್ರಗಳಿಗೆಲ್ಲ ವಿಳಾಸ ಹಂಚುವ ಯಜಮಾನಿಕೆ – ಡಿಎಚ್‌ಸಿಪಿ ಎನ್ನುತ್ತಾರೆ – ಎರಡೂ ವಹಿಸಿಕೊಂಡಿದ್ದವು. ಹಳೆಯದನ್ನು 192.168.1.2 ಮಾಡಿ, ಅದರ ಯಜಮಾನಿಕೆ ತಪ್ಪಿಸಿದೆವು. ತಂತಿಯನ್ನು ‘ವ್ಯಾನ್’ ತೂತು ಬಿಟ್ಟು ‘ಲ್ಯಾನ್’ ತೂತಿಗೆ ಹಾಕಬೇಕೆಂದು ಕಂಡುಕೊಳ್ಳಲು ಇನ್ನೊಂದು ಗಂಟೆ ಹೋಯಿತು.

ಆ ಶನಿವಾರ ಮೂವರೂ ಕೂಡಿದರು. ಒಂದು ಪಂದ್ಯ ಮುಗಿಯಿತು, ಎರಡು ಮುಗಿಯಿತು, ಮಾತು ತುಂಡಾಗಲಿಲ್ಲ. ನಾವು ಅಡುಗೆ ಮರೆತು ಮೊಮ್ಮಗಳ ಹಿಂದೆಯೇ ಕುಳಿತಿದ್ದೆವು. ಅಷ್ಟರಲ್ಲಿ ಅವಳು ತಿರುಗಿ, “ಅಜ್ಜಿ, ಸೂರತ್ತಿನವನು ಏನೋ ಹೇಳಬೇಕಂತೆ” ಎಂದು ಇಯರ್‌ಫೋನು ಕಳಚಿ ಕೊಟ್ಟಳು. ಸುಮಾರು 250 ಕಿಲೋಮೀಟರ್ ಆಚೆಯಿಂದ ಹುಡುಗ ಸ್ಪಷ್ಟವಾಗಿ ಹೇಳಿದ:

“ಅಜ್ಜಿ, ನಿಮ್ಮ ಕುಕ್ಕರ್ ನಾಲ್ಕು ಸಲ ಕೂಗ್ತು.”