ಟ್ಯಾಂಕಿನ ತಳದ ಗಸಿ

ನನ್ನ ಯೆಜ್ಡಿಗೆ ಮೂವತ್ತು ದಾಟಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವುದಕ್ಕೆ ಸ್ವಲ್ಪ ಮುಂಚೆ ಹೊರಬಿದ್ದ ಗಾಡಿ. ಮನೆಯಾಕೆಯ ಲೆಕ್ಕದಲ್ಲಿ ಅದು ಗುಜರಿ, ನನಗೆ ಪ್ರಯೋಗಶಾಲೆ. ಬೀದಿಯ ಹುಡುಗರು ಸುತ್ತ ನೆರೆದರೆ ನಾನು ಮೊದಲು ತೋರಿಸುವುದು ಕಾರ್ಬ್ಯುರೇಟರಿನ ಜೆಟ್ಟನ್ನು.

ಹಿತ್ತಾಳೆಯ ಪುಟ್ಟ ಸ್ಕ್ರೂ, ನಡುವೆ ಸುಮಾರು ಒಂದು ಮಿಲಿಮೀಟರಿನ ತೂತು. ಸ್ಲೋ ಜೆಟ್ಟಿನದು ಇನ್ನೂ ಸಣ್ಣದು. ಎಂಜಿನ್ ಕುಡಿಯುವ ಪೆಟ್ರೋಲು ಇವುಗಳಲ್ಲೇ ನುಸುಳಿ ಬರಬೇಕು. ತೂತಿನ ವ್ಯಾಸ ಅರ್ಧವಾದರೆ ದಾರಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ವೃತ್ತದ ವಿಸ್ತೀರ್ಣ ಕಲಿತು ಏನು ಪ್ರಯೋಜನ ಸಾರ್ ಎನ್ನುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಎರಡು ವರ್ಷದ ಕೆಳಗೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ, ನಮ್ಮ ಹುಡುಗನೊಬ್ಬ ಅಪ್ಪನ ಬೈಕಿನಲ್ಲಿ ಹೊರಟಿದ್ದ. ಪೆಟ್ರೋಲು ತೀರಿತೆಂದು ರಿಸರ್ವಿಗೆ ತಿರುಗಿಸಿದ ಎರಡು ಫರ್ಲಾಂಗಿಗೆ ಗಾಡಿ ನಿಂತಿತು. ಹಾಲಿನ ವ್ಯಾನಿನವನು ಹತ್ತಿಸಿಕೊಂಡು ಬಂದದ್ದರಿಂದ ಗಂಟೆ ಹೊಡೆಯುವ ಹೊತ್ತಿಗೆ ಕೊಠಡಿ ಸೇರಿದ, ಬೆವರಿನಲ್ಲಿ ತೊಯ್ದು.

“ಮೇಷ್ಟ್ರೇ, ಬಂಕಿನವರು ಕಸ ಹಾಕಿದ್ದಾರೆ” ಎಂದರು ಅಪ್ಪ. ಸಂಜೆ ಬಿಚ್ಚಿ ನೋಡಿದೆವು. ಕಾರ್ಬ್ಯುರೇಟರಿನ ತಳದಲ್ಲಿ ರಾಗಿಹಿಟ್ಟಿನಂಥ ಕೆಂಪು ಗಸಿ. ಪೆಟ್ರೋಲ್ ಕಾಕಿನ ಜರಡಿಯೇ ಇರಲಿಲ್ಲ. ಅಡ್ಡ ಬರುತ್ತದೆಂದು ಯಾವನೋ ಮೆಕ್ಯಾನಿಕ್ ಕಿತ್ತೊಗೆದಿದ್ದನಂತೆ! “ಬಂಕಿನದಲ್ಲ ಸ್ವಾಮಿ, ಇದು ನಿಮ್ಮ ಟ್ಯಾಂಕಿನ ತುಕ್ಕು” ಎಂದೆ.

ಟ್ಯಾಂಕು ಉಕ್ಕಿನದು. ಅರ್ಧ ಖಾಲಿ ಇಟ್ಟರೆ ಒಳಗಿನ ತೇವದ ಗಾಳಿ ರಾತ್ರಿ ತಣಿದು ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕಿಳಿದು ತುಕ್ಕು ಹಿಡಿಸುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರುತ್ತದೆ, ಮಿತಿ ಮೀರಿದರೆ ನೀರು-ಎಥನಾಲ್ ಎರಡೂ ಕೂಡಿ ಬೇರ್ಪಟ್ಟು ತಳ ಸೇರುತ್ತವೆ. ಮಳೆಗಾಲದಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ಮೂಲೆಗೆ ನಿಲ್ಲಿಸುವವರು ಇದನ್ನು ಗಮನಿಸಬೇಕು.

ರಿಸರ್ವಿನ ಕೊಳವೆಯ ಬಾಯಿ ಟ್ಯಾಂಕಿನ ತಳದ ಹತ್ತಿರ, ಮುಖ್ಯ ಕೊಳವೆಯದು ಮೇಲೆ. ಕಸ ಬರುತ್ತದೆಂದು ರಿಸರ್ವನ್ನು ಮುಟ್ಟದೆ ಇರುವ ಜಾಣರಿದ್ದಾರೆ. ಗಸಿ ಅಲ್ಲೇ ಬೆಳೆದು, ಬೇಕಾದ ದಿನವೇ ಕೈ ಕೊಡುತ್ತದೆ. ಜರಡಿಯನ್ನು ಆಗಾಗ ತೊಳೆಯಿರಿ. ಕೊಳವೆಗೆ ಪಾರದರ್ಶಕ ಫಿಲ್ಟರ್ ಹಾಕಿದರೆ ಒಳಗಿನ ಸ್ಥಿತಿ ಕಣ್ಣಿಗೇ ಕಾಣುತ್ತದೆ. ಅದರ ಮೇಲಿನ ಬಾಣದ ಗುರುತು ಕಾರ್ಬ್ಯುರೇಟರಿನ ಕಡೆಗಿರಲಿ. ತೀರಾ ನುಣುಪಾದ ಜಾಲರಿ ಮಾತ್ರ ಬೇಡ, ಬರೀ ಗುರುತ್ವದಿಂದ ಇಳಿಯುವ ಪೆಟ್ರೋಲಿಗೆ ಅದನ್ನು ದಾಟುವ ಶಕ್ತಿ ಸಾಲದು.

ಜೆಟ್ಟಿಗೆ ಪಿನ್ನು ಚುಚ್ಚಬಾರದು. ಹಿತ್ತಾಳೆ ಮೆದು, ತೂತು ಹಿಗ್ಗಿ ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಸೈಕಲ್ ಪಂಪಿನ ಗಾಳಿ ಸಾಕು. ಟ್ಯಾಂಕಿನೊಳಗೆ ಇಣುಕಲು ಬೆಂಕಿಕಡ್ಡಿ ಗೀರಹೊರಟ ಮಹಾನುಭಾವರನ್ನೂ ಕಂಡಿದ್ದೇನೆ! ಎಲ್ಲಕ್ಕಿಂತ ಅಪಾಯದ್ದು, ಫ್ಲೋಟಿನ ಸೂಜಿಗೆ ಕಸ ಸಿಕ್ಕಿ ಪೆಟ್ರೋಲು ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಸುರಿಯುವುದು. ವಾಸನೆ ಬಂದರೆ ಕಾಕ್ ಮುಚ್ಚಿ, ಗಾಡಿ ಸ್ಟಾರ್ಟ್ ಮಾಡಬೇಡಿ.

2020ರಿಂದೀಚೆಗೆ ಬಂದ ಬಿಎಸ್-6 ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬ್ಯುರೇಟರೇ ಇಲ್ಲ. ಅವುಗಳ ಇಂಜೆಕ್ಟರಿನ ತೂತು ಇನ್ನೂ ಕಿರಿದು, ಪಂಪು ಇರುವುದು ಸಾಮಾನ್ಯವಾಗಿ ಟ್ಯಾಂಕಿನೊಳಗೇ. ಅದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ.