ನೆಲದಡಿಯ ಮುಸ್ಸಂಜೆ

ವಸ್ತುಸಂಗ್ರಹಾಲಯವೆಂದರೆ ಮುಟ್ಟಬಾರದ ವಸ್ತುಗಳನ್ನು ಜೋಪಾನವಾಗಿ ಇರಿಸಿರುವ ಸ್ಥಳವೆಂದು ಮೇಷ್ಟರು ತಮ್ಮ ಮೂವತ್ತಮೂರು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ಸಾವಿರಾರು ಹುಡುಗರಿಗೆ ಬೋಧಿಸಿದ್ದರು. ಹಳೇಬೀಡಿನ ಶಿಲ್ಪಗಳ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಕೈ ಹಿಂದಕ್ಕೆ ಕಟ್ಟಿಕೊಳ್ಳಿ" ಎಂದು ಗದರಿದವರು ಅವರು. ಅಂಥವರಿಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಜಪಾನಿನ ಯೊಕೊಹಾಮಾ ನಗರದಲ್ಲಿ, ಒಳಗಿಟ್ಟಿರುವುದನ್ನು ಕೊಂಡು ತಿಂದು ಬರಬೇಕಾದ ವಸ್ತುಸಂಗ್ರಹಾಲಯವೊಂದು ಉಂಟೆಂದು ತಿಳಿದಾಗ ನಗು ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಸುದ್ದಿಯನ್ನು ತಂದವನು ಎಂಟು ವರ್ಷದ ಮೊಮ್ಮಗ. ಅವನು ಹುಟ್ಟಿದುದು, ಬೆಳೆದುದು, ಓದುತ್ತಿರುವುದು ಎಲ್ಲವೂ ಅಲ್ಲಿಯೇ. ಕನ್ನಡ ಹೇಳಿದರೆ ಅವನಿಗೆ ಅರ್ಥವಾಗುತ್ತದೆ. ಉತ್ತರವನ್ನು ಮಾತ್ರ ಜಪಾನಿ ಭಾಷೆಯಲ್ಲಿ ಯೋಚಿಸಿ, ತಾಯಿಯ ಮುಖ ನೋಡಿ, 'ಹೂಂ', 'ಬೇಡ', 'ಆಯ್ತು' ಎಂಬ ಮೂರು ಪದಗಳಲ್ಲಿ ಮುಗಿಸಿಬಿಡುತ್ತಾನೆ. ಮೇಷ್ಟರು ಮಗಳ ಮನೆಗೆ ಬಂದು ಮೂರು ವಾರವಾಗಿತ್ತು. ತೆನಾಲಿ ರಾಮಕೃಷ್ಣನ ಕಥೆಗಳು ತೀರಿದ್ದವು. ಪಂಚತಂತ್ರದ ಪ್ರಾಣಿಗಳೆಲ್ಲ ಒಂದು ಸುತ್ತು ಬಂದು ಹೋಗಿದ್ದವು. ಹುಡುಗ ಮರ್ಯಾದೆಗೆಂದು ಕುಳಿತು ಕೇಳುತ್ತಿದ್ದ. ಮರ್ಯಾದೆಗೆಂದು ಕೇಳುವ ವಿದ್ಯಾರ್ಥಿಯ ಮುಖವನ್ನು ಹಳೆಯ ಮೇಷ್ಟರು ಗುರುತಿಸಲಾರರೇ? ಒಳಗೊಳಗೇ ಅವರಿಗೆ ನೋವಾಗುತ್ತಿತ್ತು.

ಆದುದರಿಂದಲೇ, ಭಾನುವಾರ ಬೆಳಗ್ಗೆ ಹುಡುಗ ತಾನಾಗಿ ಬಂದು ತಾತನ ಕೈ ಹಿಡಿದು "ರಾಮೆನ್... ಹೋಗೋಣ" ಎಂದಾಗ, ರಾಮೆನ್ ಎಂದರೆ ಏನೆಂದು ಪೂರ್ತಿ ವಿಚಾರಿಸದೆ ಮೇಷ್ಟರು ಒಪ್ಪಿಬಿಟ್ಟರು. ಮಗಳ ಮುಖ ಸ್ವಲ್ಪ ಬಾಡಿತು.

"ಅಲ್ಲಿ ನಿಮಗೆ ಸೇರುವಂಥದ್ದು ಹೆಚ್ಚೇನೂ ಇರುವುದಿಲ್ಲ ಅಪ್ಪಾ. ಮೃಗಾಲಯಕ್ಕೆ ಹೋದರಾಗದೇ?"

"ಇರದಿದ್ದರೆ ನೋಡಿಕೊಂಡು ಬರುತ್ತೇನಮ್ಮ. ನೋಡುವುದಕ್ಕೆ ಮಡಿಯೇನು, ಮೈಲಿಗೆಯೇನು!"

ಅಳಿಯಂದಿರಿಗೆ ಕಚೇರಿಯ ಕೆಲಸವಿತ್ತು. ಮೇಷ್ಟರ ಮಡದಿ ಮಂಡಿನೋವಿನ ನೆವದಿಂದ ಮನೆಯಲ್ಲಿಯೇ ಉಳಿದರು. ಪರದೇಶದಲ್ಲಿಯೂ ಏಕಾದಶಿಯನ್ನು ಬಿಡದ ಆಕೆಗೆ ಬೀದಿಯ ಹೋಟೆಲುಗಳ ವಾಸನೆಯೇ ಆಗದು. ಹೊರಟವರು ಮೂವರು.

ಶಿನ್-ಯೊಕೊಹಾಮಾ ರೈಲು ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಆ ಕಟ್ಟಡ ಸಿಗುತ್ತದೆ. 1994ರ ಮಾರ್ಚ್ ತಿಂಗಳಲ್ಲಿ ತೆರೆದ ರಾಮೆನ್ ವಸ್ತುಸಂಗ್ರಹಾಲಯ ಅದು. ಹೊರಗಿನಿಂದ ನೋಡಿದರೆ ಮತ್ತೊಂದು ಕಚೇರಿಯೆಂದು ತಿಳಿದು ಮುಂದೆ ಹೋಗಿಬಿಡಬಹುದು. ನೆಲಮಟ್ಟದ ಅಂತಸ್ತಿನಲ್ಲಿ ರಾಮೆನ್ನಿನ ಚರಿತ್ರೆಯೂ ಒಂದು ಅಂಗಡಿಯೂ ಇವೆ. ನಿಜವಾದ ಸೋಜಿಗವಿರುವುದು ಕೆಳಗೆ. ಮೆಟ್ಟಿಲಿಳಿದು ನೆಲದಡಿಗೆ ಹೋದರೆ ಅಲ್ಲಿ ಒಂದು ಊರೇ ಇದೆ!

ಹೊರಗೆ ಹನ್ನೊಂದು ಗಂಟೆಯ ಬಿಸಿಲು, ಒಳಗೆ ಮುಸ್ಸಂಜೆ. ಚಾವಣಿಗೆ ಸೂರ್ಯಾಸ್ತದ ಆಕಾಶವನ್ನು ಬಣ್ಣದಲ್ಲಿ ಬರೆದಿದ್ದಾರೆ. ಅದರ ಕೆಳಗೆ ಇಕ್ಕಟ್ಟಾದ ಬೀದಿಗಳು, ಮರದ ಮನೆಗಳು, ಮಾಸಿದ ತಗಡಿನ ಫಲಕಗಳು, ಕೈಬರಹದ ಸಿನಿಮಾ ಭಿತ್ತಿಚಿತ್ರಗಳು, ಮಹಡಿಯ ಮೇಲೆ ಒಣಗಲು ಹಾಕಿದ ಬಟ್ಟೆಗಳು, ಆಗತಾನೆ ದೀಪ ಹೊತ್ತಿದ ಕಿಟಕಿಗಳು. ಇದು 1958ರ ಟೋಕಿಯೋ ನಗರದ ಬಡವರ ಕೇರಿಯ ಪ್ರತಿರೂಪ. ಆ ಮನೆಗಳ ನೆಲ ಅಂತಸ್ತುಗಳಲ್ಲಿ ಜಪಾನಿನ ಬೇರೆ ಬೇರೆ ಪ್ರಾಂತಗಳ ರಾಮೆನ್ ಅಂಗಡಿಗಳು ವ್ಯಾಪಾರ ನಡೆಸುತ್ತವೆ. ಎಷ್ಟು ಹೊತ್ತು ಕಳೆದರೂ ಅಲ್ಲಿ ಸೂರ್ಯ ಮುಳುಗುವುದಿಲ್ಲ, ರಾತ್ರಿಯಾಗುವುದಿಲ್ಲ. ಜಪಾನೀಯರು ಹಳೆಯ ಕಾಲವನ್ನು ಕಟ್ಟುವುದರಲ್ಲಿಯೂ ಎಷ್ಟು ಅಚ್ಚುಕಟ್ಟೆಂದರೆ, ಗೋಡೆಯ ಕೊಳೆಯನ್ನು ಕೂಡ ಕ್ರಮವಾಗಿ ಬಳಿದಿದ್ದಾರೆ!

ಮೇಷ್ಟರು ಬೀದಿಯ ನಡುವೆ ನಿಂತುಬಿಟ್ಟರು.

1958 ಎಂಬ ವರ್ಷವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಆ ವರ್ಷದ ಆಗಸ್ಟ್ 25ರಂದು ಮೊಮೊಫುಕು ಆಂಡೊ ಎಂಬಾತ, ಬಿಸಿನೀರು ಹೊಯ್ದರೆ ಸಾಕು ಸಿದ್ಧವಾಗುವ ರಾಮೆನ್ನನ್ನು ಮೊದಲ ಬಾರಿಗೆ ಮಾರಾಟಕ್ಕೆ ತಂದ. ರಾಮೆನ್ ಎಂಬುದು ಶಾವಿಗೆಯ ದಾಯಾದಿ. ಗೋಧಿಹಿಟ್ಟಿಗೆ ಕ್ಷಾರದ ನೀರು ಸೇರಿಸಿ ನಾದಿದ ಎಳೆಗಳನ್ನು ಬೇಯಿಸಿ, ಬಿಸಿ ಸಾರಿನಲ್ಲಿ ಮುಳುಗಿಸಿ ಕೊಡುತ್ತಾರೆ. ನಮ್ಮ ಹಪ್ಪಳದ ಖಾರ ಹಪ್ಪಳಕ್ಕೆ ಏನು ಮಾಡುತ್ತದೆಯೋ ಹೆಚ್ಚು ಕಡಮೆ ಅದನ್ನೇ ಆ ಕ್ಷಾರ ಈ ಎಳೆಗೆ ಮಾಡುತ್ತದೆ. ಮೂಲದಲ್ಲಿ ಇದು ಚೀನೀಯರ ತಿನಿಸು. ಟೋಕಿಯೋವಿನ ಅಸಾಕುಸಾದಲ್ಲಿ 1910ರಲ್ಲಿ ತೆರೆದ ರೈರೈಕೆನ್ ಎಂಬ ಅಂಗಡಿಯಿಂದ ಅದು ಜನಪ್ರಿಯವಾಯಿತು. ಆದರೆ ಅದನ್ನು ಜಪಾನಿನ ಮನೆಮನೆಯ ಆಹಾರವಾಗಿ ಮಾಡಿದುದು ರುಚಿಯೊಂದೇ ಅಲ್ಲ, ಹಸಿವೂ ಹೌದು.

ಮೇಷ್ಟರು ಚರಿತ್ರೆಯ ಅಧ್ಯಾಪಕರಾದುದರಿಂದ ಈ ಭಾಗವನ್ನು ಮೊದಲೇ ಓದಿ ತಿಳಿದಿದ್ದರು. 1945ರಲ್ಲಿ ಯುದ್ಧದಲ್ಲಿ ಸೋತ ಜಪಾನಿನಲ್ಲಿ ಅಕ್ಕಿಯಿರಲಿಲ್ಲ. ಒಸಾಕಾದ ಕಾಳಸಂತೆಯಲ್ಲಿ ಒಂದು ಬೋಗುಣಿ ಬಿಸಿ ಸಾರಿಗಾಗಿ ಚಳಿಯಲ್ಲಿ ಉದ್ದಕ್ಕೂ ನಿಂತ ಜನರ ಸಾಲನ್ನು ಆಂಡೊ ಕಂಡಿದ್ದ. ಅಮೆರಿಕದಿಂದ ಗೋಧಿ ಹಡಗುಗಳಲ್ಲಿ ಬರುತ್ತಿತ್ತು. ಸರ್ಕಾರ ಅದರಿಂದ ರೊಟ್ಟಿ ತಿನ್ನಿರೆಂದು ಪ್ರಚಾರ ಮಾಡುತ್ತಿತ್ತು. ಶಾಲೆಗಳಲ್ಲಿ ಮಕ್ಕಳಿಗೆ ಆ ಗೋಧಿಯ ಬ್ರೆಡ್ಡು, ಪುಡಿಹಾಲು. ಪೂರ್ವದೇಶದವರಿಗೆ ಶಾವಿಗೆಯಿರುವಾಗ ಬ್ರೆಡ್ಡೇಕೆ ಎಂಬುದು ಆಂಡೊನ ಪ್ರಶ್ನೆ. ವ್ಯವಹಾರದಲ್ಲಿ ಎಲ್ಲವನ್ನೂ ಕಳೆದುಕೊಂಡ ಮೇಲೆ, ಇಕೆದಾ ಎಂಬ ಊರಿನ ತನ್ನ ಮನೆಯ ಹಿತ್ತಿಲಲ್ಲಿ ಒಂದು ಗುಡಿಸಲು ಕಟ್ಟಿಕೊಂಡು, ಹೆಂಡತಿ ಎಣ್ಣೆಯಲ್ಲಿ ಕರಿಯುತ್ತಿದ್ದ ತೆಂಪುರಾವನ್ನು ನೋಡಿ, ಬೆಂದ ಎಳೆಯನ್ನು ಕರಿದು ಒಣಗಿಸುವ ಉಪಾಯವನ್ನು ಕಂಡುಕೊಂಡ. ಆಗ ಅವನಿಗೆ ನಲವತ್ತೆಂಟು ವರ್ಷ. ಇಂದು ಬೆಂಗಳೂರಿನ ಯಾವ ಮನೆಯ ಮಗುವೂ ಹಸಿವಾದೊಡನೆ ಕೇಳುವ ಪೊಟ್ಟಣದ ನೂಡಲ್ಸಿನ ಮೂಲಪುರುಷ ಇವನೇ.

"ತಾತ, ನೀನು ಆಗ ಇದ್ದೆಯಾ?"

ಹುಡುಗ ಸಿನಿಮಾ ಭಿತ್ತಿಚಿತ್ರದ ಮುಂದೆ ನಿಂತಿದ್ದ. ಮೇಷ್ಟರು ಬೆಚ್ಚಿದರು. ಪ್ರಶ್ನೆ ಕನ್ನಡದಲ್ಲಿತ್ತು.

"ಇದ್ದೆನಪ್ಪಾ. ಐದು ವರ್ಷದವನು."

"ಇಲ್ಲಿ?"

"ಇಲ್ಲಲ್ಲ, ಹಾಸನದ ಹತ್ತಿರ. ಆದರೆ ಬೀದಿ ಹೀಗೆಯೇ ಇತ್ತು."

ಅದು ಸತ್ಯವಲ್ಲ, ಹಾಸನದ ಹತ್ತಿರದ ಬೀದಿಗೂ ಟೋಕಿಯೋವಿನ ಕೇರಿಗೂ ಏನು ಹೋಲಿಕೆ? ಆದರೂ ಅವರು ಸುಳ್ಳಾಡಲಿಲ್ಲ. ಬಿದಿರ ಗಳುವಿನಲ್ಲಿ ತೂಗುವ ಬಟ್ಟೆ, ನಲವತ್ತು ಕ್ಯಾಂಡಲ್ ಬಲ್ಬಿನ ಹಳದಿ ಬೆಳಕು, ಮುಸ್ಸಂಜೆಯಲ್ಲಿ ಎಲ್ಲ ಮನೆಗಳಿಂದಲೂ ಒಟ್ಟಿಗೆ ಏಳುವ ಒಗ್ಗರಣೆಯ ಹೊಗೆ, ಇವೆಲ್ಲ ಅವರಿಗೆ ನೆನಪಾದವು. ಕೈಯಿಂದ ಬರೆದ ಸಿನಿಮಾ ಚಿತ್ರವನ್ನು ತೋರಿಸಿ, ಟೆಂಟಿನಲ್ಲಿ ನೆಲದ ಮೇಲೆ ಕುಳಿತು ಚಿತ್ರ ನೋಡುತ್ತಿದ್ದುದನ್ನೂ, ಮಳೆ ಬಂದರೆ ಎಲ್ಲರೂ ಎದ್ದು ಮಧ್ಯದ ಕಂಬವನ್ನು ಹಿಡಿದು ನಿಲ್ಲುತ್ತಿದ್ದುದನ್ನೂ ಹೇಳಿದರು. ಹುಡುಗ ನಕ್ಕ. ಮಕ್ಕಳ ಮಿಠಾಯಿ ಅಂಗಡಿಯೊಂದರಲ್ಲಿ ಗಾಜಿನ ಜಾಡಿಗಳು ಸಾಲಾಗಿದ್ದವು. "ಇದು ಪೆಪ್ಪರಮೆಂಟು, ಇದು ಬತ್ತಾಸು" ಎಂದು ಮೇಷ್ಟರು ಹೆಸರಿಟ್ಟರು. ಅವು ಯಾವುವೂ ಅದಾಗಿರಲಿಲ್ಲ. ಹುಡುಗ ಪ್ರತಿಯೊಂದಕ್ಕೂ ಜಪಾನಿ ಹೆಸರು ಹೇಳಿ ತಿದ್ದಿದ. ಪಂಚತಂತ್ರ ಮಾಡಲಾರದ ಕೆಲಸವನ್ನು ಬಣ್ಣ ಬಳಿದ ಕೊಳೆಗೋಡೆ ಮಾಡಿತು. ಅರ್ಧ ಗಂಟೆಯಲ್ಲಿ ತಾತನಿಗೂ ಮೊಮ್ಮಗನಿಗೂ ಅಷ್ಟು ಮಾತಾಯಿತು.

ಮಗಳು ಮಾತ್ರ ಹಿಂದೆ ಮೌನವಾಗಿ ಬರುತ್ತಿದ್ದಳು.

ಅಲ್ಲಿಯ ಅಂಗಡಿಗಳಲ್ಲಿ ಮಾಣಿಯನ್ನು ಕರೆದು ಕೇಳುವ ಪದ್ಧತಿಯಿಲ್ಲ. ಬಾಗಿಲ ಬಳಿ ಒಂದು ಯಂತ್ರವಿರುತ್ತದೆ. ಹಣ ಹಾಕಿ, ಬೇಕಾದ ತಿನಿಸಿನ ಗುಂಡಿಯನ್ನು ಒತ್ತಿದರೆ ಚೀಟಿ ಬರುತ್ತದೆ; ಅದನ್ನು ಒಳಗೆ ಕೊಡಬೇಕು. ದೊಡ್ಡವರಾದರೆ ಒಬ್ಬೊಬ್ಬರೂ ಒಂದೊಂದು ಬೋಗುಣಿ ಕೊಳ್ಳಲೇಬೇಕು. ಸುಮ್ಮನೆ ಜೊತೆಗೆ ಕುಳಿತಿರುವಂತಿಲ್ಲ. ನಾಲ್ಕಾರು ಅಂಗಡಿಗಳ ರುಚಿ ನೋಡಬೇಕೆನ್ನುವವರಿಗಾಗಿ ಪುಟ್ಟ ಬೋಗುಣಿಗಳೂ ಉಂಟು. ಕೆಲವು ಅಂಗಡಿಗಳಲ್ಲಿ ಈಚೆಗೆ ಸಸ್ಯಾಹಾರದ ರಾಮೆನ್ ಕೂಡ ದೊರೆಯುತ್ತದೆ. ಇದು ಸಣ್ಣ ಸಂಗತಿಯಲ್ಲ. ತರಕಾರಿ ಮಾತ್ರ ತೇಲುತ್ತಿರುವ ಸಾರಿನಲ್ಲಿಯೂ ಒಣಮೀನಿನ ಕಷಾಯವನ್ನು ಬೆರೆಸುವ ದೇಶ ಅದು. ಮಗಳು ಒಳಗೆ ಹೋಗಿ ಎರಡೆರಡು ಸಲ ವಿಚಾರಿಸಿಕೊಂಡು ಬಂದು, ಅಂಥದೇ ಎರಡು ಚೀಟಿ ತೆಗೆದಳು.

"ಪುಟ್ಟನಿಗೂ ನಮ್ಮದೇ ಅಲ್ಲವೇ?" ಎಂದರು ಮೇಷ್ಟರು.

ಅಷ್ಟರಲ್ಲಿ ಹುಡುಗ ಯಂತ್ರಕ್ಕೆ ನಾಣ್ಯ ಹಾಕಿ ಗುಂಡಿ ಒತ್ತಿಯಾಗಿತ್ತು. ಹುಡುಕಲಿಲ್ಲ, ಓದಲಿಲ್ಲ, ಅಭ್ಯಾಸವಾದ ಬೆರಳು ನೇರವಾಗಿ ಹೋಯಿತು. ಗುಂಡಿಯ ಮೇಲಿನ ಚಿತ್ರದಲ್ಲಿ ಹಾಲಿನಂತೆ ಬೆಳ್ಳಗಿನ ಸಾರು. ಅದರ ಮೇಲೆ ಮಾಂಸದ ಎರಡು ಹೋಳು.

"ಪುಟ್ಟಾ, ಅದಲ್ಲ..." ಎಂದಳು ಮಗಳು.

"ಯಾಕಮ್ಮ? ಯಾವಾಗಲೂ ಇದೇ ಅಲ್ಲವಾ ನಾನು ತಿನ್ನೋದು?"

ಮೂರು ವಾರಗಳಲ್ಲಿ ಅವನು ಆಡಿದ ಮೊದಲ ಉದ್ದನೆಯ ಕನ್ನಡ ವಾಕ್ಯ ಇದು. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ಕ್ಯೂಶು ದ್ವೀಪದ ಕಡೆಯ ಆ ಸಾರನ್ನು ಹಂದಿಯ ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ಮಾಡುತ್ತಾರೆ. ಕುದಿದು ಕುದಿದು ಮೂಳೆಯ ಸಾರವೆಲ್ಲ ಬಿಟ್ಟು ನೀರು ಬೆಳ್ಳಗಾಗುತ್ತದೆ. ಮೇಷ್ಟರು ಇದನ್ನೂ ಓದಿ ತಿಳಿದಿದ್ದರು; ತಿಳಿಯದಿದ್ದರೆ ಚೆನ್ನಾಗಿತ್ತು. ಅವರು ಏನೂ ಮಾತನಾಡದೆ ಒಳಗೆ ಹೋಗಿ ಕುಳಿತರು.

ಮಗಳು ತಗ್ಗಿದ ದನಿಯಲ್ಲಿ ಹೇಳಿದಳು: "ಶಾಲೆಯಲ್ಲಿ ಮಧ್ಯಾಹ್ನದ ಊಟ ಎಲ್ಲರಿಗೂ ಒಂದೇ ಅಪ್ಪಾ. ಮಕ್ಕಳೇ ಬಿಳಿ ಟೋಪಿ ಹಾಕಿಕೊಂಡು ಬಡಿಸುತ್ತಾರೆ. ಮೊದಲ ವರ್ಷವೆಲ್ಲ ನಾನು ಡಬ್ಬಿ ಕಟ್ಟಿದೆ. ಎಲ್ಲರಿಗೂ ಬಡಿಸಿ ಬಂದು, ಇವನೊಬ್ಬ ಚಪಾತಿ ಬಿಚ್ಚಿಕೊಂಡು ಕೂರುತ್ತಿದ್ದ. ಆಮೇಲೆ ಒಂದು ದಿನ ಡಬ್ಬಿ ಹಾಗೆಯೇ ವಾಪಸು ಬಂತು. ಮಾರನೆಯ ದಿನವೂ ಬಂತು. ನಾನು ಕೇಳಲಿಲ್ಲ. ನಿಮಗೆ ಹೇಳುವ ಧೈರ್ಯವೂ ಬರಲಿಲ್ಲ."

ಬೋಗುಣಿಗಳು ಬಂದವು. ಮೇಷ್ಟರ ಮುಂದೆ ತರಕಾರಿಯ ಸಾರು, ಹುಡುಗನ ಮುಂದೆ ಬೆಳ್ಳಗಿನದು. ಅದರ ಹಬೆ ಮೇಷ್ಟರ ಮುಖಕ್ಕೂ ಬಂತು. ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು. ಹುಡುಗ ಎರಡು ಕಡ್ಡಿಗಳಲ್ಲಿ ಎಳೆಗಳನ್ನೆತ್ತಿ ಸುರ್ರೆಂದು ಸದ್ದುಮಾಡುತ್ತ ಎಳೆದುಕೊಂಡ. ಆ ದೇಶದಲ್ಲಿ ಹಾಗೆ ಸದ್ದುಮಾಡಿ ತಿನ್ನುವುದು ತಪ್ಪಲ್ಲ.

ಮೇಷ್ಟರಿಗೆ ಹತ್ತು ವರ್ಷವಾಗಿದ್ದಾಗಿನ ಮಾತು. ಊರಿನ ಶಾಲೆಯಲ್ಲಿ ಮಧ್ಯಾಹ್ನ ಉಪ್ಪಿಟ್ಟು ಕೊಡಲಾರಂಭಿಸಿದ್ದರು. 'ಕೇರ್' ಎಂಬ ಅಮೆರಿಕದ ಸಂಸ್ಥೆ ಕಳುಹಿಸಿದ ಗೋಧಿಯ ನುಚ್ಚು, ಎಣ್ಣೆಯ ಡಬ್ಬ, ಪುಡಿಹಾಲು. ಅದೇ ಸಂಸ್ಥೆ 1948ರಿಂದ ಕೆಲವು ವರ್ಷ ಜಪಾನಿಗೂ ನೆರವಿನ ಪೆಟ್ಟಿಗೆಗಳನ್ನು ಕಳುಹಿಸಿತ್ತೆಂಬುದು ಮೇಷ್ಟರಿಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಅವರ ತಂದೆ ವೈದಿಕರು. "ಯಾರು ಬೇಯಿಸಿದ್ದೋ, ಯಾವ ಎಣ್ಣೆಯೋ, ಅದನ್ನು ಮುಟ್ಟಿದರೆ ಮನೆಯೊಳಗೆ ಕಾಲಿಡಬೇಡ" ಎಂದಿದ್ದರು. ಎರಡು ದಿನ ಹುಡುಗ ಬೇವಿನಮರದ ಕೆಳಗೆ ಒಬ್ಬನೇ ಕುಳಿತು ಮನೆಯ ಅವಲಕ್ಕಿಯನ್ನು ತಿಂದ. ಶಾಲೆಯ ಹಿಂದಿನ ಒಲೆಯಿಂದ ವಾಸನೆ ಬರುತ್ತಿತ್ತು. ಅರವತ್ತು ಹುಡುಗರು ಮುತ್ತುಗದೆಲೆ ಹಿಡಿದು ಸಾಲಾಗಿ ಕುಳಿತಿದ್ದರು. ಮೂರನೆಯ ದಿನ ಅವನೂ ಎಲೆ ಹಿಡಿದು ಕುಳಿತ.

ಸಂಜೆ ತಾಯಿ ಅವನನ್ನು ಹಿತ್ತಿಲಿಗೆ ಕರೆದೊಯ್ದು, ಬಚ್ಚಲ ಕಲ್ಲಿನ ಬಳಿ ನಿಲ್ಲಿಸಿ, ತಂಬಿಗೆಯಿಂದ ಕೈಗೆ ನೀರು ಹಾಕಿದಳು. "ಬಾಯಿ ಮುಕ್ಕಳಿಸಿಕೋ. ಅವರು ಬರುವ ಹೊತ್ತಾಯಿತು." ಏನು ತಿಂದೆ ಎಂದು ಕೇಳಲಿಲ್ಲ, ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ತಂದೆಗೆ ತಿಳಿದಿತ್ತೇ? ತಿಳಿದಿತ್ತೆಂದೇ ಮೇಷ್ಟರ ಗುಮಾನಿ. ಏಕೆಂದರೆ ಆ ದಿನಗಳಲ್ಲಿ ತಂದೆ ಮನೆಗೆ ಬರುವಾಗ ಬೀದಿಬಾಗಿಲಲ್ಲಿ ಒಂದು ಗಳಿಗೆ ನಿಂತು, ಕೆಮ್ಮಿಲ್ಲದಿದ್ದರೂ ಎರಡು ಸಲ ಗಟ್ಟಿಯಾಗಿ ಕೆಮ್ಮಿ ಒಳಗೆ ಬರುತ್ತಿದ್ದರು.

ಉಪ್ಪಿಟ್ಟೆಲ್ಲಿ, ಹಂದಿಯ ಮೂಳೆಯ ಸಾರೆಲ್ಲಿ! ಎರಡೂ ಒಂದೇ ಎಂದು ತಮಗೆ ತಾವೇ ವಾದಿಸಿಕೊಳ್ಳುವಷ್ಟು ಸಡಿಲವಾದ ಮನಸ್ಸು ಮೇಷ್ಟರದಲ್ಲ. ತಮ್ಮ ಬೋಗುಣಿಯಲ್ಲಿ ಅರ್ಧವನ್ನಷ್ಟೇ ಅವರು ತಿನ್ನಲಾದುದು. ತಂದೆಯವರು ಬದುಕಿದ್ದು ಈ ಬೆಂಚಿನ ಮೇಲೆ ಕುಳಿತಿದ್ದರೆ ಕೆಮ್ಮುತ್ತಿದ್ದರೇ ಎಂದು ಅವರು ಬಹಳ ಹೊತ್ತು ಯೋಚಿಸಿದರು. ಉತ್ತರ ದೊರೆಯಲಿಲ್ಲ.

ಹುಡುಗ ಎರಡು ಕೈಗಳಿಂದ ಬೋಗುಣಿಯನ್ನೆತ್ತಿ ಕೊನೆಯ ಸಾರನ್ನು ಕುಡಿಯುವುದಕ್ಕೆ ಮೊದಲು ತಾತನ ಕಡೆ ನೋಡಿದ. ಮಗಳೂ ನೋಡಿದಳು. ಮೇಷ್ಟರು ಮುಖ ತಿರುಗಿಸಿ, ಬಾಗಿಲಾಚೆ ಕಾಣುತ್ತಿದ್ದ ಬಣ್ಣದ ಮುಸ್ಸಂಜೆಯ ಕಡೆ ದೃಷ್ಟಿ ನೆಟ್ಟು, ಎರಡು ಸಲ ಕೆಮ್ಮಿದರು.

"ನೀರು ಕೊಡಲೇ ಅಪ್ಪಾ?" ಎಂದಳು ಮಗಳು ಗಾಬರಿಯಿಂದ.

"ಬೇಡಮ್ಮ."

ಹೊರಡುವ ಮುನ್ನ ಅವರು ಹುಡುಗನನ್ನು ಕೈತೊಳೆಯುವ ಕೊಠಡಿಗೆ ಕರೆದೊಯ್ದರು. ನಲ್ಲಿಯ ಕೆಳಗೆ ಬೊಗಸೆಯೊಡ್ಡುವುದನ್ನು ತೋರಿಸಿಕೊಟ್ಟು, ಪಕ್ಕದಲ್ಲಿ ನಿಂತು ಹೇಳಿದರು:

"ಚೆನ್ನಾಗಿ ಬಾಯಿ ಮುಕ್ಕಳಿಸಿಕೋ ಕಂದ. ಮನೆಯಲ್ಲಿ ಅಜ್ಜಿ ಇದ್ದಾಳೆ."